ಮೆನಿಂಜಿಯೋಮಾದ ಎಂಆರ್‌ಐ ಲಕ್ಷಣಗಳು

ಮೆನಿಂಜಿಯೋಮಾ ಎಂಬುದು ಮಿದುಳು ಮತ್ತು ಬೆನ್ನುಹುರಿಯನ್ನು ಆವರಿಸಿರುವ ಪೊರೆಗಳಲ್ಲಿ ಹುಟ್ಟುವ, ಬಹುಪಾಲು ಸೌಮ್ಯ ಸ್ವರೂಪದ ಗಡ್ಡೆ. ವಯಸ್ಕರ ತಲೆಬುರುಡೆಯೊಳಗೆ ಮೂಲತಃ ಹುಟ್ಟುವ ಗಡ್ಡೆಗಳಲ್ಲಿ ಇದು ಅತ್ಯಂತ ಸಾಮಾನ್ಯವಾದುದು. ಅಂತಹ ಗಡ್ಡೆಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮೆನಿಂಜಿಯೋಮಾಗಳೇ ಆಗಿವೆ. ನಡುವಯಸ್ಸು ದಾಟಿದವರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಈ ಗಡ್ಡೆ ಪುರುಷರಿಗಿಂತ ಮಹಿಳೆಯರಲ್ಲಿ ಸುಮಾರು ಎರಡು ಪಟ್ಟು ಅಧಿಕ. ಕಾಂತೀಯ ಅನುರಣನ ಚಿತ್ರಣ ಅಥವಾ ಎಂಆರ್‌ಐ ಇದನ್ನು ಗುರುತಿಸುವ ಪ್ರಮುಖ ವಿಧಾನವಾಗಿದೆ. ಗಡ್ಡೆ ಮಿದುಳಿನ ಒಳಗಿನದೋ ಹೊರಗಿನದೋ ಎಂಬುದು ಎಂಆರ್‌ಐ ಚಿತ್ರದಿಂದ ಮೊದಲು ತಿಳಿಯಬೇಕಾದ ಸಂಗತಿ. ರೋಗನಿರ್ಣಯ, ಚಿಕಿತ್ಸೆಯ ಯೋಜನೆ ಮತ್ತು ಮುಂದಿನ ನಿಗಾ ಇವೆಲ್ಲವೂ ಬಹುಮಟ್ಟಿಗೆ ಈ ಉತ್ತರವನ್ನು ಅವಲಂಬಿಸಿವೆ.

ಹುಟ್ಟು ಮತ್ತು ಸ್ವರೂಪ

ಮಿದುಳನ್ನು ಮೂರು ಪೊರೆಗಳು ಆವರಿಸಿವೆ. ತಲೆಬುರುಡೆಗೆ ಅಂಟಿಕೊಂಡಿರುವ ದಪ್ಪನೆಯ ಹೊರಪೊರೆ ಡ್ಯೂರಾ, ಜೇಡರಬಲೆಯಂತೆ ತೆಳುವಾದ ನಡುಪೊರೆ ಅರಾಕ್ನಾಯ್ಡ್, ಮಿದುಳಿನ ಮೈಗೆ ಹತ್ತಿಕೊಂಡಿರುವ ಒಳಪೊರೆ ಪಯಾ. ನಡುಪೊರೆಯ ಹೊರಮೈಯಲ್ಲಿರುವ ಟೊಪ್ಪಿಗೆಯಾಕಾರದ ಕೋಶಗಳಿಂದ ಮೆನಿಂಜಿಯೋಮಾ ಹುಟ್ಟುತ್ತದೆ. ಹುಟ್ಟಿದ ಗಡ್ಡೆ ಹೊರಪೊರೆಗೆ ಅಗಲವಾಗಿ ಅಂಟಿಕೊಂಡು ಬೆಳೆಯುತ್ತದೆ ಮತ್ತು ಮಿದುಳನ್ನು ಒಳಕ್ಕೆ ಒತ್ತುತ್ತದೆ. ಸಾಮಾನ್ಯವಾಗಿ ಅದು ಮಿದುಳಿನ ಊತಕದೊಳಗೆ ನುಗ್ಗುವುದಿಲ್ಲ. ಎಂಆರ್‌ಐಯಲ್ಲಿ ಕಾಣುವ ಮುಖ್ಯ ಲಕ್ಷಣಗಳಿಗೆಲ್ಲ ಈ ಅಂಗರಚನೆಯೇ ಆಧಾರ.

ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಮೆನಿಂಜಿಯೋಮಾಗಳಿಗೆ ಮೂರು ದರ್ಜೆಗಳಿವೆ. ಸುಮಾರು 80 ಶೇಕಡಾ ಗಡ್ಡೆಗಳು ನಿಧಾನವಾಗಿ ಬೆಳೆಯುವ ಒಂದನೆಯ ದರ್ಜೆಗೆ ಸೇರುತ್ತವೆ. ಉಳಿದವುಗಳಲ್ಲಿ ಹೆಚ್ಚಿನವು ಮರುಕಳಿಸುವ ಸಾಧ್ಯತೆ ಅಧಿಕವಿರುವ ಎರಡನೆಯ ದರ್ಜೆಯವು. ಮಾರಕವಾದ ಮೂರನೆಯ ದರ್ಜೆಯವು ತೀರ ವಿರಳ. 2021ರಲ್ಲಿ ಪ್ರಕಟವಾದ ವರ್ಗೀಕರಣದ ಐದನೆಯ ಆವೃತ್ತಿಯು ಸೂಕ್ಷ್ಮದರ್ಶಕದಡಿಯ ಲಕ್ಷಣಗಳ ಜೊತೆಗೆ ಕೆಲವು ವಂಶವಾಹಿ ಬದಲಾವಣೆಗಳನ್ನೂ ದರ್ಜೆ ನಿರ್ಧಾರಕ್ಕೆ ಸೇರಿಸಿತು.

ಹೆಚ್ಚಿನ ರೋಗಿಗಳಲ್ಲಿ ನಿರ್ದಿಷ್ಟ ಕಾರಣ ಸಿಗುವುದಿಲ್ಲ. ಬಾಲ್ಯದಲ್ಲಿ ಅಥವಾ ಅನಂತರ ತಲೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಹಾಗೂ ಎರಡನೆಯ ವಿಧದ ನ್ಯೂರೋಫೈಬ್ರೊಮಾಟೋಸಿಸ್ ಎಂಬ ಆನುವಂಶಿಕ ಕಾಯಿಲೆ ಉಳ್ಳವರಲ್ಲಿ ಅಪಾಯ ಹೆಚ್ಚು. ಈ ಕಾಯಿಲೆಗೆ ಕಾರಣವಾಗುವ ವಂಶವಾಹಿ 22ನೆಯ ವರ್ಣತಂತುವಿನಲ್ಲಿದೆ. ಅನೇಕ ಮೆನಿಂಜಿಯೋಮಾಗಳ ಕೋಶಗಳಲ್ಲಿ ಪ್ರೊಜೆಸ್ಟರೋನ್ ಹಾರ್ಮೋನಿನ ಗ್ರಾಹಕಗಳಿವೆ. ಗರ್ಭಾವಸ್ಥೆಯಲ್ಲಿ ಕೆಲವು ಗಡ್ಡೆಗಳು ದೊಡ್ಡದಾಗುವುದಕ್ಕೆ ಇದೂ ಒಂದು ಕಾರಣವೆಂದು ಭಾವಿಸಲಾಗಿದೆ.

ಇತಿಹಾಸ

ಬಾಸೆಲ್ ನಗರದ ವೈದ್ಯ ಫೆಲಿಕ್ಸ್ ಪ್ಲಾಟರ್ 1614ರಲ್ಲಿ ಪ್ರಕಟಿಸಿದ ಶವಪರೀಕ್ಷೆಯ ವಿವರವನ್ನು ಈ ಗಡ್ಡೆಯ ಮೊದಲ ದಾಖಲೆಗಳಲ್ಲೊಂದೆಂದು ಪರಿಗಣಿಸಲಾಗುತ್ತದೆ. ಮೆನಿಂಜಿಯೋಮಾ ಎಂಬ ಹೆಸರನ್ನು ಅಮೆರಿಕದ ನರಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ 1922ರಲ್ಲಿ ಬಳಕೆಗೆ ತಂದರು. 1938ರಲ್ಲಿ ಅವರು ಲೂಯಿಸ್ ಐಸೆನ್‌ಹಾರ್ಟ್ ಅವರೊಂದಿಗೆ ಈ ಗಡ್ಡೆಗಳನ್ನು ಕುರಿತ ಬೃಹತ್ ಗ್ರಂಥವನ್ನು ಪ್ರಕಟಿಸಿದರು.

ಆ ಕಾಲದಲ್ಲಿ ಗಡ್ಡೆಯನ್ನು ನೇರವಾಗಿ ನೋಡುವ ಉಪಾಯವಿರಲಿಲ್ಲ. ಎಕ್ಸ್-ರೇಯಲ್ಲಿ ಕಾಣುವ ಮೂಳೆಯ ದಪ್ಪವಾಗುವಿಕೆ, ಸುಣ್ಣದ ಕಲೆಗಳು ಹಾಗೂ ರಕ್ತನಾಳಗಳ ಚಿತ್ರಣದಲ್ಲಿ ತೋರುವ ಸ್ಥಾನಪಲ್ಲಟಗಳಿಂದ ಅದರ ಇರವನ್ನು ಊಹಿಸಬೇಕಾಗುತ್ತಿತ್ತು. 1971ರಲ್ಲಿ ಮೊದಲ ಬಾರಿಗೆ ರೋಗಿಯ ಮೇಲೆ ಬಳಸಲಾದ ಸಿಟಿ ಸ್ಕ್ಯಾನ್ ಈ ಸ್ಥಿತಿಯನ್ನು ಬದಲಿಸಿತು. 1980ರ ದಶಕದಲ್ಲಿ ಎಂಆರ್‌ಐ ಆಸ್ಪತ್ರೆಗಳಿಗೆ ಬಂದಿತು. ಆರಂಭದ ವರ್ಷಗಳಲ್ಲಿ ಮೆನಿಂಜಿಯೋಮಾ ಈ ಯಂತ್ರಕ್ಕೆ ಸವಾಲಾಗಿತ್ತು: ಗಡ್ಡೆಯ ಛಾಯೆ ಪಕ್ಕದ ಮಿದುಳಿನ ಛಾಯೆಯಂತೆಯೇ ಇರುತ್ತಿದ್ದುದರಿಂದ ಚಿಕ್ಕ ಗಡ್ಡೆಗಳು ಕಣ್ತಪ್ಪುತ್ತಿದ್ದವು. 1988ರಲ್ಲಿ ಗ್ಯಾಡೊಲಿನಿಯಮ್ ಆಧಾರಿತ ಕಾಂಟ್ರಾಸ್ಟ್ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತ ಮೇಲೆ ಈ ಕೊರತೆ ನೀಗಿತು. ಎಂಆರ್‌ಐಗೆ ಅಡಿಪಾಯ ಹಾಕಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಎಂಆರ್‌ಐ ಚಿತ್ರದ ಮೂಲತತ್ವ

ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಜಲಜನಕದ ಪರಮಾಣು ಬೀಜಗಳು ಬಲವಾದ ಕಾಂತಕ್ಷೇತ್ರದಲ್ಲಿ ರೇಡಿಯೋ ಅಲೆಗಳನ್ನು ಹೀರಿ ಮರಳಿ ಸೂಸುವ ಸಂಕೇತಗಳಿಂದ ಎಂಆರ್‌ಐ ಚಿತ್ರ ರೂಪುಗೊಳ್ಳುತ್ತದೆ. ಆಸ್ಪತ್ರೆಗಳಲ್ಲಿ 1.5 ಟೆಸ್ಲಾ ಮತ್ತು 3 ಟೆಸ್ಲಾ ಬಲದ ಯಂತ್ರಗಳು ಹೆಚ್ಚು ಬಳಕೆಯಲ್ಲಿವೆ. ಎಕ್ಸ್-ರೇ ಅಥವಾ ಸಿಟಿಯಲ್ಲಿರುವ ಅಯಾನೀಕಾರಕ ವಿಕಿರಣ ಇದರಲ್ಲಿಲ್ಲ.

ಒಂದೇ ಪರೀಕ್ಷೆಯಲ್ಲಿ ಹಲವು ಬಗೆಯ ಚಿತ್ರಸರಣಿಗಳನ್ನು ತೆಗೆಯಲಾಗುತ್ತದೆ. ಟಿ1 ಸರಣಿಯಲ್ಲಿ ಕೊಬ್ಬು ಬೆಳ್ಳಗೂ ನೀರು ಕಪ್ಪಗೂ ತೋರುತ್ತವೆ. ಟಿ2 ಸರಣಿಯಲ್ಲಿ ನೀರು ಬೆಳ್ಳಗೆ ತೋರುತ್ತದೆ. ಫ್ಲೇರ್ ಸರಣಿಯು ಮಿದುಳಿನ ಸುತ್ತಲಿನ ದ್ರವದ ಬಿಳುಪನ್ನು ಅಡಗಿಸಿ, ಮಿದುಳಿನೊಳಗೆ ತುಂಬಿರುವ ಊತವನ್ನು ಎತ್ತಿ ತೋರಿಸುತ್ತದೆ. ಗ್ಯಾಡೊಲಿನಿಯಮ್ ಚುಚ್ಚುಮದ್ದನ್ನು ರಕ್ತನಾಳಕ್ಕೆ ನೀಡಿದ ಬಳಿಕ ಟಿ1 ಸರಣಿಯನ್ನು ಮತ್ತೆ ತೆಗೆದು, ಮೊದಲಿನ ಚಿತ್ರದೊಂದಿಗೆ ಹೋಲಿಸಲಾಗುತ್ತದೆ. ಇದರ ರೂಢಿಯ ಪ್ರಮಾಣ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 0.1 ಮಿಲಿಮೋಲ್.

ಮಿದುಳಿನ ಹೊರಗಿನ ಗಡ್ಡೆ ಎಂಬುದರ ಗುರುತುಗಳು

ತಲೆಬುರುಡೆಯೊಳಗೆ ಗಡ್ಡೆಯೊಂದು ಕಂಡಾಗ ಅದು ಮಿದುಳಿನ ಊತಕದಿಂದಲೇ ಹುಟ್ಟಿದ್ದೋ, ಹೊರಗಿನಿಂದ ಒತ್ತುತ್ತಿರುವುದೋ ಎಂಬುದನ್ನು ವಿಕಿರಣತಜ್ಞರು ಮೊದಲು ನಿರ್ಧರಿಸುತ್ತಾರೆ. ಮಿದುಳಿನ ಊತಕದಲ್ಲಿ ಹುಟ್ಟುವ ಗ್ಲಯೋಮಾ ಮುಂತಾದ ಗಡ್ಡೆಗಳ ಚಿಕಿತ್ಸೆ ಮತ್ತು ಭವಿಷ್ಯ ಮೆನಿಂಜಿಯೋಮಾದವುಗಳಿಗಿಂತ ಬಹಳ ಭಿನ್ನವಾಗಿವೆ. ಗಡ್ಡೆ ಹೊರಗಿನದು ಎಂಬುದನ್ನು ಈ ಕೆಳಗಿನ ಗುರುತುಗಳು ಸೂಚಿಸುತ್ತವೆ.

ದ್ರವದ ಸೀಳು: ಗಡ್ಡೆ ಮತ್ತು ಮಿದುಳಿನ ನಡುವೆ ಮಿದುಳು-ಬೆನ್ನುಹುರಿ ದ್ರವದ ತೆಳುವಾದ ಅಂಚು ಉಳಿದಿರುತ್ತದೆ. ಟಿ2 ಚಿತ್ರದಲ್ಲಿ ಇದು ಬಿಳಿ ಗೆರೆಯಂತೆ ಕಾಣುತ್ತದೆ.

ಸ್ಥಾನಪಲ್ಲಟಗೊಂಡ ರಕ್ತನಾಳಗಳು: ಮಿದುಳಿನ ಮೇಲ್ಮೈಯ ರಕ್ತನಾಳಗಳು ಗಡ್ಡೆ ಮತ್ತು ಮಿದುಳಿನ ನಡುವೆ ಸಿಲುಕಿ ಒಳಕ್ಕೆ ಸರಿದಿರುತ್ತವೆ. ರಕ್ತ ವೇಗವಾಗಿ ಹರಿಯುವುದರಿಂದ ಅವು ಕಪ್ಪು ಚುಕ್ಕೆ ಅಥವಾ ಗೆರೆಗಳಾಗಿ ತೋರುತ್ತವೆ.

ಬಾಗಿದ ಮಿದುಳ ತೊಗಟೆ: ಗಡ್ಡೆಯ ಒತ್ತಡದಿಂದ ಬೂದು ದ್ರವ್ಯದ ಪದರ ಮತ್ತು ಅದರಡಿಯ ಬಿಳಿ ದ್ರವ್ಯ ಒಳಮುಖವಾಗಿ ಬಾಗಿರುತ್ತವೆ, ಆದರೆ ಅವುಗಳ ನಡುವಿನ ಗಡಿರೇಖೆ ಅಳಿಸಿಹೋಗಿರುವುದಿಲ್ಲ. ಮಿದುಳಿನೊಳಗಿನ ಗಡ್ಡೆಗಳಲ್ಲಿ ಈ ಗಡಿ ಹೆಚ್ಚಾಗಿ ನಾಶವಾಗಿರುತ್ತದೆ.

ಅಗಲವಾದ ಬುಡ: ಗಡ್ಡೆಯು ಹೊರಪೊರೆಯ ಮೇಲೆ ಅಗಲವಾಗಿ ಕುಳಿತಿರುತ್ತದೆ ಮತ್ತು ಪೊರೆಯೊಂದಿಗೆ ಸಾಮಾನ್ಯವಾಗಿ ವಿಶಾಲ ಕೋನವನ್ನು ರಚಿಸುತ್ತದೆ.

ವಿವಿಧ ಸರಣಿಗಳಲ್ಲಿ ಗಡ್ಡೆಯ ತೋರಿಕೆ

ಕಾಂಟ್ರಾಸ್ಟ್ ನೀಡುವ ಮೊದಲಿನ ಟಿ1 ಚಿತ್ರದಲ್ಲಿ ಹೆಚ್ಚಿನ ಮೆನಿಂಜಿಯೋಮಾಗಳು ಮಿದುಳಿನ ಬೂದು ದ್ರವ್ಯದಷ್ಟೇ ಛಾಯೆ ಹೊಂದಿರುತ್ತವೆ ಅಥವಾ ಅದಕ್ಕಿಂತ ಕೊಂಚ ಮಸುಕಾಗಿರುತ್ತವೆ. ಟಿ2 ಚಿತ್ರದಲ್ಲಿ ಅವು ಬೂದು ದ್ರವ್ಯಕ್ಕೆ ಸಮನಾಗಿ ಅಥವಾ ಹೆಚ್ಚು ಬೆಳ್ಳಗೆ ತೋರುತ್ತವೆ. ಈ ಛಾಯೆಗೂ ಗಡ್ಡೆಯ ಮೃದುತ್ವಕ್ಕೂ ಸ್ವಲ್ಪಮಟ್ಟಿನ ಸಂಬಂಧವಿದೆ. ಟಿ2ದಲ್ಲಿ ಬೆಳ್ಳಗಿರುವ ಗಡ್ಡೆ ಮೆದುವಾಗಿದ್ದು ಹೀರಿ ತೆಗೆಯಲು ಸುಲಭವಾಗಿರುವ ಸಾಧ್ಯತೆ ಹೆಚ್ಚು. ಕಪ್ಪಗಿರುವುದು ನಾರಿನಿಂದ ಕೂಡಿ ಗಟ್ಟಿಯಾಗಿರಬಹುದು. ಶಸ್ತ್ರಚಿಕಿತ್ಸಕರು ಈ ಮಾಹಿತಿಯನ್ನು ಯೋಜನೆಗೆ ಬಳಸಿಕೊಳ್ಳುತ್ತಾರೆ.

ಗ್ಯಾಡೊಲಿನಿಯಮ್ ನೀಡಿದ ಬಳಿಕ ಗಡ್ಡೆ ಸಾಮಾನ್ಯವಾಗಿ ಇಡಿಯಾಗಿ, ಒಂದೇ ಸಮನೆ, ಪ್ರಖರವಾಗಿ ಬೆಳಗುತ್ತದೆ. ಮಿದುಳಿನ ಸೂಕ್ಷ್ಮ ರಕ್ತನಾಳಗಳಿಗೆ ರಕ್ತ-ಮಿದುಳು ತಡೆ ಎಂಬ ರಕ್ಷಣೆ ಇದೆ. ಹೊರಪೊರೆಯ ಮತ್ತು ಮೆನಿಂಜಿಯೋಮಾದ ರಕ್ತನಾಳಗಳಿಗೆ ಅದು ಇಲ್ಲದಿರುವುದರಿಂದ ಕಾಂಟ್ರಾಸ್ಟ್ ಔಷಧ ಗಡ್ಡೆಯೊಳಗೆ ಸುಲಭವಾಗಿ ಸೋರುತ್ತದೆ. ಗ್ಲಯೋಮಾಗಳಲ್ಲಿ ಕಾಂಟ್ರಾಸ್ಟ್ ಹೀರಿಕೆ ಹಲವು ಬಾರಿ ಉಗ್ರತೆಯ ಸೂಚನೆಯಾಗಿರುತ್ತದೆ. ಮೆನಿಂಜಿಯೋಮಾದಲ್ಲಿ ಹಾಗಲ್ಲ: ಅತ್ಯಂತ ಸೌಮ್ಯವಾದ ಗಡ್ಡೆಯೂ ಪ್ರಖರವಾಗಿ ಬೆಳಗುತ್ತದೆ.

ಗಡ್ಡೆಯ ಅಂಚಿನಿಂದ ಹೊರಪೊರೆಯ ಗುಂಟ ಕ್ರಮೇಣ ತೆಳುವಾಗುತ್ತ ಸಾಗುವ ಬೆಳಗುವ ಪಟ್ಟಿಯನ್ನು ಡ್ಯೂರಾದ ಬಾಲ ಎನ್ನುತ್ತಾರೆ. 1980ರ ದಶಕದ ಕೊನೆಯಲ್ಲಿ ಮೊದಲು ವಿವರಿಸಲಾದ ಈ ಗುರುತು ಅರ್ಧಕ್ಕಿಂತ ಹೆಚ್ಚು ಮೆನಿಂಜಿಯೋಮಾಗಳಲ್ಲಿ ಕಾಣಸಿಗುತ್ತದೆ. ಬಾಲದಲ್ಲಿ ಕೆಲವೊಮ್ಮೆ ಗಡ್ಡೆಯ ಕೋಶಗಳಿರುತ್ತವೆ, ಕೆಲವೊಮ್ಮೆ ರಕ್ತಸಂಚಾರ ಹೆಚ್ಚಿದ ಪೊರೆ ಮಾತ್ರ ಇರುತ್ತದೆ. ಹೊರಪೊರೆಗೆ ಹರಡಿದ ಕ್ಯಾನ್ಸರ್, ಕ್ಷಯ, ಲಿಂಫೋಮಾ ಮೊದಲಾದವುಗಳಲ್ಲಿಯೂ ಬಾಲ ಕಾಣಬಹುದಾದ್ದರಿಂದ ಇದೊಂದನ್ನೇ ನಂಬಿ ನಿರ್ಣಯಕ್ಕೆ ಬರುವಂತಿಲ್ಲ.

ಗಡ್ಡೆಯ ನಡುವಿನಿಂದ ಕೊಡೆಯ ಕಡ್ಡಿಗಳಂತೆ ಹರಡುವ ರಕ್ತನಾಳಗಳು ಕೆಲವು ಚಿತ್ರಗಳಲ್ಲಿ ತೋರುತ್ತವೆ. ಪಕ್ಕದ ತಲೆಬುರುಡೆಯ ಮೂಳೆ ದಪ್ಪವಾಗಿರುವುದು ಇನ್ನೊಂದು ಪ್ರಮುಖ ಸುಳಿವು. ಮೂಳೆಯ ಬದಲಾವಣೆ ಮತ್ತು ಸುಣ್ಣದ ಸಂಚಯ ಸಿಟಿ ಸ್ಕ್ಯಾನ್‌ನಲ್ಲಿ ಹೆಚ್ಚು ಸ್ಪಷ್ಟ; ಆದುದರಿಂದ ಎಂಆರ್‌ಐ ಆದ ಮೇಲೂ ಕೆಲವು ರೋಗಿಗಳಿಗೆ ಸಿಟಿ ಪರೀಕ್ಷೆ ಸೂಚಿಸಲಾಗುತ್ತದೆ.

ಸುತ್ತಲಿನ ಮಿದುಳಿನಲ್ಲಿ ಊತವಿದ್ದರೆ ಅದು ಫ್ಲೇರ್ ಮತ್ತು ಟಿ2 ಚಿತ್ರಗಳಲ್ಲಿ ಬೆಳ್ಳಗೆ ಹರಡಿರುತ್ತದೆ. ಊತದ ಪ್ರಮಾಣ ಗಡ್ಡೆಯ ಗಾತ್ರಕ್ಕೆ ಅನುಗುಣವಾಗಿರಬೇಕೆಂದಿಲ್ಲ. ಸ್ರಾವಕ ಎಂಬ ಉಪಬಗೆಯು ಒಂದನೆಯ ದರ್ಜೆಯದಾದರೂ ತನ್ನ ಗಾತ್ರಕ್ಕೆ ಮೀರಿದ ಊತವನ್ನು ಉಂಟುಮಾಡುವುದುಂಟು.

ವಿಶೇಷ ತಂತ್ರಗಳು

ಮೂಲ ಸರಣಿಗಳಿಂದ ಸಂದೇಹ ಪರಿಹಾರವಾಗದಿದ್ದಾಗ ಅಥವಾ ಶಸ್ತ್ರಚಿಕಿತ್ಸೆಗೆ ಹೆಚ್ಚಿನ ವಿವರ ಬೇಕಾದಾಗ ಇತರ ತಂತ್ರಗಳನ್ನು ಬಳಸಲಾಗುತ್ತದೆ.

ವಿಸರಣ ಚಿತ್ರಣವು ಊತಕದಲ್ಲಿ ನೀರಿನ ಅಣುಗಳ ಚಲನೆಯನ್ನು ಅಳೆಯುತ್ತದೆ. ಕೋಶಗಳು ಒತ್ತೊತ್ತಾಗಿರುವ ಗಡ್ಡೆಯಲ್ಲಿ ಈ ಚಲನೆ ಕುಂಠಿತವಾಗುತ್ತದೆ. ಉನ್ನತ ದರ್ಜೆಯ ಗಡ್ಡೆಗಳಲ್ಲಿ ಸರಾಸರಿ ಮೌಲ್ಯ ಕಡಿಮೆಯಿದ್ದರೂ ಸೌಮ್ಯ ಗಡ್ಡೆಗಳ ಮೌಲ್ಯಗಳೊಂದಿಗೆ ಅದು ಬೆರೆತುಹೋಗುವುದರಿಂದ ಒಬ್ಬ ರೋಗಿಯ ಗಡ್ಡೆಯ ದರ್ಜೆಯನ್ನು ಇದರಿಂದಲೇ ಹೇಳಲಾಗದು.

ರಕ್ತಸಂಚಾರ ಚಿತ್ರಣದಲ್ಲಿ ಮೆನಿಂಜಿಯೋಮಾ ಹೆಚ್ಚಿನ ರಕ್ತದ ಪ್ರಮಾಣವನ್ನು ತೋರಿಸುತ್ತದೆ. ಎಂಆರ್ ಸ್ಪೆಕ್ಟ್ರೋಸ್ಕೋಪಿಯು ಊತಕದ ರಾಸಾಯನಿಕಗಳನ್ನು ಗುರುತಿಸುತ್ತದೆ. ನರಕೋಶಗಳ ಗುರುತಾದ ಎನ್-ಅಸಿಟೈಲ್ ಆಸ್ಪರ್ಟೇಟ್ ಮೆನಿಂಜಿಯೋಮಾದಲ್ಲಿ ಇರುವುದಿಲ್ಲ, 1.48 ಪಿಪಿಎಂ ಸ್ಥಾನದಲ್ಲಿ ಅಲನೈನ್ ಎಂಬ ಅಮೈನೋ ಆಮ್ಲದ ಶಿಖರ ಕಂಡರೆ ಅದು ಮೆನಿಂಜಿಯೋಮಾದ ಪರವಾದ ಸಾಕ್ಷ್ಯ, ಆದರೆ ಎಲ್ಲ ಗಡ್ಡೆಗಳಲ್ಲಿಯೂ ಈ ಶಿಖರ ಸಿಗುವುದಿಲ್ಲ.

ನೆತ್ತಿಯ ನಡುರೇಖೆಯ ಬಳಿಯ ಗಡ್ಡೆಗಳಲ್ಲಿ ಎಂಆರ್ ವೆನೋಗ್ರಫಿ ಬಹು ಮುಖ್ಯ. ಮಿದುಳಿನ ಅಶುದ್ಧ ರಕ್ತವನ್ನು ಹೊತ್ತೊಯ್ಯುವ ದೊಡ್ಡ ಕಾಲುವೆ, ಅಂದರೆ ಮೇಲಿನ ಸ್ಯಾಜಿಟಲ್ ಸೈನಸ್, ಗಡ್ಡೆಯಿಂದ ಬರಿದೆ ಒತ್ತಲ್ಪಟ್ಟಿದೆಯೇ, ಒಳಗೆ ಗಡ್ಡೆ ಹೊಕ್ಕಿದೆಯೇ, ಪೂರ್ತಿ ಮುಚ್ಚಿಹೋಗಿದೆಯೇ ಎಂಬುದು ಇದರಿಂದ ತಿಳಿಯುತ್ತದೆ. ತೆರೆದಿರುವ ಸೈನಸ್ಸಿಗೆ ಶಸ್ತ್ರಚಿಕಿತ್ಸೆಯ ವೇಳೆ ಹಾನಿಯಾದರೆ ಜೀವಕ್ಕೆ ಅಪಾಯವಿರುವುದರಿಂದ ಎಷ್ಟು ಗಡ್ಡೆಯನ್ನು ತೆಗೆಯಬೇಕು, ಎಷ್ಟನ್ನು ಬಿಡಬೇಕು ಎಂಬ ತೀರ್ಮಾನ ಇದನ್ನು ಅವಲಂಬಿಸಿರುತ್ತದೆ.

ಸ್ಥಾನಕ್ಕನುಗುಣವಾದ ಲಕ್ಷಣಗಳು

ಮೆನಿಂಜಿಯೋಮಾ ಸೌಮ್ಯವೆಂದ ಮಾತ್ರಕ್ಕೆ ನಿರಪಾಯಕಾರಿಯೆಂದು ಅರ್ಥವಲ್ಲ. ತಲೆಬುರುಡೆ ಹಿಗ್ಗುವುದಿಲ್ಲ, ಗಡ್ಡೆ ಎಲ್ಲಿ ಒತ್ತುತ್ತದೆ ಎಂಬುದರ ಮೇಲೆ ರೋಗಿಯ ತೊಂದರೆ ನಿರ್ಧಾರವಾಗುತ್ತದೆ.

ಮಿದುಳಿನ ಉಬ್ಬುಮೈಯ ಮೇಲಿನ ಗಡ್ಡೆಗಳು ತಲೆನೋವು, ಅಪಸ್ಮಾರ ಅಥವಾ ಒಂದು ಬದಿಯ ಕೈಕಾಲಿನ ಬಲಹೀನತೆಯಿಂದ ಬೆಳಕಿಗೆ ಬರುತ್ತವೆ. ನಡುರೇಖೆಯ ಬಳಿಯವು ವಿಶೇಷವಾಗಿ ಕಾಲಿನ ಬಲವನ್ನು ಕುಂದಿಸಬಹುದು.

ಮೂಗಿನ ಮೇಲ್ಭಾಗದಲ್ಲಿ, ಘ್ರಾಣನಾಳೆಯಲ್ಲಿ ಹುಟ್ಟುವ ಗಡ್ಡೆ ವಾಸನೆಯ ಶಕ್ತಿಯನ್ನು ಕುಗ್ಗಿಸುತ್ತದೆ ಮತ್ತು ದೊಡ್ಡದಾದಾಗ ಮುಂಭಾಗದ ಮಿದುಳನ್ನೊತ್ತಿ ನಿರಾಸಕ್ತಿ, ಸ್ವಭಾವದ ಬದಲಾವಣೆ, ಮರೆವು ತರುತ್ತದೆ. ಇಂತಹ ರೋಗಿಗಳ ತೊಂದರೆಯನ್ನು ಖಿನ್ನತೆಯೆಂದೋ ಮುಪ್ಪಿನ ಮರೆಗುಳಿತನವೆಂದೋ ಭಾವಿಸಿ ಕಾಲ ಕಳೆಯುವ ಸಾಧ್ಯತೆಯಿದೆ.

ಪಿಟ್ಯುಟರಿ ಗ್ರಂಥಿಯ ಮುಂದಿನ ಗಡ್ಡೆಗಳು ದೃಷ್ಟಿನರಗಳನ್ನು ಒತ್ತಿ ನಿಧಾನವಾಗಿ ದೃಷ್ಟಿಯನ್ನು ಕಸಿಯುತ್ತವೆ. ಎಂಆರ್‌ಐಯಲ್ಲಿ ಗಡ್ಡೆಯಿಂದ ಬೇರೆಯಾದ ಪಿಟ್ಯುಟರಿ ಗ್ರಂಥಿಯನ್ನು ಗುರುತಿಸಲು ಸಾಧ್ಯವಾದರೆ ಅದು ಪಿಟ್ಯುಟರಿಯದೇ ಗಡ್ಡೆಯಲ್ಲವೆಂದು ತಿಳಿಯುತ್ತದೆ. ಮೆನಿಂಜಿಯೋಮಾ ಸುತ್ತುವರಿದ ಕೆರಾಟಿಡ್ ಅಪಧಮನಿ ಕಿರಿದಾಗುವುದುಂಟು. ಪಿಟ್ಯುಟರಿ ಗಡ್ಡೆಯಲ್ಲಿ ಇದು ಅಪರೂಪ. ದೃಷ್ಟಿನರದ ಕವಚದಲ್ಲಿಯೇ ಹುಟ್ಟುವ ಗಡ್ಡೆಯು ನರದ ಎರಡೂ ಬದಿಯಲ್ಲಿ ಸಮಾನಾಂತರವಾಗಿ ಬೆಳಗಿ ರೈಲು ಹಳಿಯಂತೆ ಕಾಣುತ್ತದೆ. ವಯಸ್ಸಾದವರಲ್ಲಿ ನಿಧಾನವಾಗಿ ಮಬ್ಬಾಗುವ ದೃಷ್ಟಿಗೆ ಕಣ್ಣಿನ ಪೊರೆಯೇ ಸಾಮಾನ್ಯ ಕಾರಣ. ಪೊರೆ ತೆಗೆದ ಮೇಲೂ ದೃಷ್ಟಿ ಸುಧಾರಿಸದಿದ್ದರೆ, ಅಥವಾ ನೋಟದ ಒಂದು ಬದಿ ಕಾಣದಿದ್ದರೆ ದೃಷ್ಟಿನರದ ಮಾರ್ಗವನ್ನು ಪರೀಕ್ಷಿಸುವುದು ಅಗತ್ಯ. ಬಹುಕಾಲ ಒತ್ತಡಕ್ಕೊಳಗಾಗಿ ಸೊರಗಿದ ನರ ಗಡ್ಡೆ ತೆಗೆದ ಮೇಲೂ ಪೂರ್ಣವಾಗಿ ಚೇತರಿಸಿಕೊಳ್ಳದಿರಬಹುದು.

ಕಿರುಮಿದುಳು ಮತ್ತು ಮಿದುಳುಕಾಂಡದ ನಡುವಿನ ಕೋನದಲ್ಲಿರುವ ಗಡ್ಡೆಗಳು ಕಿವಿಯ ಕೇಳ್ಮೆ, ಮುಖದ ಸ್ಪರ್ಶ ಮತ್ತು ದೇಹದ ಸಮತೋಲವನ್ನು ಬಾಧಿಸುತ್ತವೆ. ಬೆನ್ನುಹುರಿಯ ಮೆನಿಂಜಿಯೋಮಾಗಳು ಹೆಚ್ಚಾಗಿ ಎದೆಯ ಮಟ್ಟದಲ್ಲಿ, ಬಹುಪಾಲು ಮಹಿಳೆಯರಲ್ಲಿ ಕಂಡುಬರುತ್ತವೆ. ಎರಡೂ ಕಾಲುಗಳ ಬಿಗಿತ ಮತ್ತು ಜೋಮು ಅವುಗಳ ಸೂಚನೆ. ಮಿದುಳಿನ ಕುಹರಗಳೊಳಗೆ ಹುಟ್ಟುವ ಮೆನಿಂಜಿಯೋಮಾಗಳೂ ಇವೆ, ಆದರೆ ಅವು ವಿರಳ.

ಹೋಲುವ ಇತರ ರೋಗಗಳು

ಶ್ರವಣನರದ ಶ್ವಾನೋಮಾ: ಕಿರುಮಿದುಳಿನ ಕೋನದಲ್ಲಿ ಮೆನಿಂಜಿಯೋಮಾಕ್ಕೆ ಮುಖ್ಯ ಪ್ರತಿಸ್ಪರ್ಧಿ. ಇದು ಒಳಕಿವಿಯ ನಾಳದೊಳಗೆ ಬೆಳೆದು ಅದನ್ನು ಅಗಲಿಸುತ್ತದೆ ಮತ್ತು ಮೂಳೆಯೊಂದಿಗೆ ಕಿರಿದಾದ ಕೋನ ರಚಿಸುತ್ತದೆ. ಮೆನಿಂಜಿಯೋಮಾದ ಬುಡ ಅಗಲವಾಗಿದ್ದು ಅದರ ಕೇಂದ್ರ ನಾಳದ ಬಾಯಿಯಿಂದ ಪಕ್ಕಕ್ಕಿರುತ್ತದೆ.

ಹೊರಪೊರೆಗೆ ಹರಡಿದ ಕ್ಯಾನ್ಸರ್: ಸ್ತನ ಮತ್ತು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರುಗಳು ಹೊರಪೊರೆಗೆ ಹರಡಿದಾಗ ಮೆನಿಂಜಿಯೋಮಾವನ್ನೇ ಹೋಲಬಹುದು. ಮೂಳೆಯ ಸವೆತ, ಹಲವು ಗಡ್ಡೆಗಳ ಇರವು, ವೇಗವಾದ ಬೆಳವಣಿಗೆ ಸಂದೇಹಕ್ಕೆ ಎಡೆಕೊಡುತ್ತವೆ. ಹಿಂದೆ ಕ್ಯಾನ್ಸರ್ ಚಿಕಿತ್ಸೆ ಪಡೆದಿದ್ದರೆ ಆ ವಿಷಯವನ್ನು ವಿಕಿರಣತಜ್ಞರಿಗೆ ತಿಳಿಸುವುದು ಮುಖ್ಯ.

ಒಂಟಿ ನಾರುಗಡ್ಡೆ: ಹಿಂದೆ ಹೆಮಾಂಜಿಯೋಪೆರಿಸೈಟೋಮಾ ಎಂದು ಕರೆಯಲಾಗುತ್ತಿದ್ದ ಗಡ್ಡೆಗಳು ಇದರಲ್ಲಿ ಸೇರಿವೆ. ಇದರಲ್ಲಿ ರಕ್ತನಾಳಗಳು ಹೇರಳ, ಸುಣ್ಣದ ಸಂಚಯವಿಲ್ಲ, ಮೂಳೆ ದಪ್ಪವಾಗುವ ಬದಲು ಸವೆಯುತ್ತದೆ.

ಕ್ಷಯ: ಭಾರತದಂತಹ ದೇಶಗಳಲ್ಲಿ ಹೊರಪೊರೆಯ ಕ್ಷಯವನ್ನು ಮರೆಯುವಂತಿಲ್ಲ. ಪೊರೆಯ ಮೇಲೆ ಹಪ್ಪಳದಂತೆ ಹರಡುವ ಕ್ಷಯದ ಗಂಟು ಹಾಗೆಯೇ ಹರಡುವ ಮೆನಿಂಜಿಯೋಮಾವನ್ನು ಹೋಲುತ್ತದೆ. ಜ್ವರ, ತೂಕ ಇಳಿತ, ಶ್ವಾಸಕೋಶದ ಚಿತ್ರ ಮತ್ತು ಇತರ ಪರೀಕ್ಷೆಗಳು ವ್ಯತ್ಯಾಸ ತಿಳಿಯಲು ನೆರವಾಗುತ್ತವೆ.

ಚಿತ್ರದ ಮಿತಿ ಮತ್ತು ಅಂಗಾಂಶ ಪರೀಕ್ಷೆ

ಗಡ್ಡೆಯ ಅಂಚು ಅಸ್ಪಷ್ಟವಾಗಿರುವುದು, ದ್ರವದ ಸೀಳು ಅಳಿಸಿಹೋಗಿರುವುದು, ಗಡ್ಡೆಯೊಳಗೆ ಕೊಳೆತ ಭಾಗಗಳಿರುವುದು, ಅಣಬೆಯಂತೆ ಮೊಗ್ಗುಗಳು ಚಾಚಿರುವುದು ಹಾಗೂ ಕಡಿಮೆ ಅವಧಿಯಲ್ಲಿ ಗಾತ್ರ ಹೆಚ್ಚಿರುವುದು ಉನ್ನತ ದರ್ಜೆಯ ಶಂಕೆಗೆ ಕಾರಣಗಳು. ಆದರೆ ದರ್ಜೆಯನ್ನು ಖಚಿತಪಡಿಸುವುದು ಅಂಗಾಂಶ ಪರೀಕ್ಷೆಯೇ. ಸೂಕ್ಷ್ಮದರ್ಶಕದಡಿ ವಿಭಜನೆಯಾಗುತ್ತಿರುವ ಕೋಶಗಳ ಸಂಖ್ಯೆ, ಮಿದುಳಿನೊಳಗೆ ಗಡ್ಡೆ ನುಗ್ಗಿರುವುದೇ ಎಂಬುದು ಮತ್ತು ಅಗತ್ಯವಿದ್ದಲ್ಲಿ ವಂಶವಾಹಿಗಳ ಪರೀಕ್ಷೆ ಈ ನಿರ್ಧಾರಕ್ಕೆ ಆಧಾರ. ಮಿದುಳಿನೊಳಗಿನ ನುಗ್ಗುವಿಕೆಯೊಂದೇ ಗಡ್ಡೆಯನ್ನು ಎರಡನೆಯ ದರ್ಜೆಗೆ ಸೇರಿಸಲು ಸಾಕೆಂದು 2016ರ ವರ್ಗೀಕರಣದಿಂದ ಪರಿಗಣಿಸಲಾಗಿದೆ.

ವರದಿಯಲ್ಲಿ ಬರುವ ಪದಗಳು

ಭಾರತದಲ್ಲಿ ಎಂಆರ್‌ಐ ವರದಿಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ಅವುಗಳಲ್ಲಿ ಪದೇ ಪದೇ ಕಾಣುವ ಕೆಲವು ಪದಗಳ ಅರ್ಥ ಹೀಗಿದೆ.

ಎಕ್ಸ್‌ಟ್ರಾ-ಆಕ್ಸಿಯಲ್: ಮಿದುಳಿನ ಊತಕದ ಹೊರಗೆ ಇರುವುದು. ಇದಕ್ಕೆ ವಿರುದ್ಧವಾದುದು ಇಂಟ್ರಾ-ಆಕ್ಸಿಯಲ್.

ಐಸೋಇಂಟೆನ್ಸ್: ಹೋಲಿಸಿದ ಊತಕದಷ್ಟೇ ಛಾಯೆಯುಳ್ಳದ್ದು. ಹೈಪರ್‌ಇಂಟೆನ್ಸ್ ಎಂದರೆ ಹೆಚ್ಚು ಬಿಳಿ, ಹೈಪೋಇಂಟೆನ್ಸ್ ಎಂದರೆ ಹೆಚ್ಚು ಕಪ್ಪು. ಈ ಪದಗಳು ರೋಗದ ತೀವ್ರತೆಯನ್ನು ಹೇಳುವುದಿಲ್ಲ.

ಹೋಮೋಜೀನಿಯಸ್ ಎನ್‌ಹಾನ್ಸ್‌ಮೆಂಟ್: ಕಾಂಟ್ರಾಸ್ಟ್ ನೀಡಿದಾಗ ಗಡ್ಡೆ ಒಂದೇ ಸಮನೆ ಬೆಳಗುವುದು.

ಡ್ಯೂರಲ್ ಟೇಲ್: ಮೇಲೆ ವಿವರಿಸಿದ ಡ್ಯೂರಾದ ಬಾಲ.

ಮಾಸ್ ಎಫೆಕ್ಟ್: ಗಡ್ಡೆಯ ಒತ್ತಡದಿಂದ ಸುತ್ತಲಿನ ಭಾಗಗಳು ಸರಿದಿರುವುದು. ನಡುರೇಖೆಯೇ ಪಕ್ಕಕ್ಕೆ ಸರಿದಿದ್ದರೆ ಮಿಡ್‌ಲೈನ್ ಶಿಫ್ಟ್ ಎಂದು ಬರೆದು, ಎಷ್ಟು ಮಿಲಿಮೀಟರ್ ಎಂದು ನಮೂದಿಸುತ್ತಾರೆ.

ಪರೀಕ್ಷೆಯಲ್ಲಿ ಎಚ್ಚರಿಕೆಗಳು

ಹೃದಯದ ಪೇಸ್‌ಮೇಕರ್, ಕಿವಿಯ ಕಾಕ್ಲಿಯರ್ ಸಾಧನ, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಣ್ಣಿನಲ್ಲಿ ಸಿಡಿದು ಉಳಿದ ಲೋಹದ ಚೂರು ಇವುಗಳ ವಿಷಯವನ್ನು ಪರೀಕ್ಷೆಗೆ ಮೊದಲೇ ತಿಳಿಸಬೇಕು. ಇಂದಿನ ಕೆಲವು ಸಾಧನಗಳು ಎಂಆರ್‌ಐಗೆ ಹೊಂದಿಕೊಳ್ಳುವಂತಿದ್ದರೂ ಅವುಗಳ ದಾಖಲೆ ಪರಿಶೀಲಿಸುವುದು ಅವಶ್ಯ. ಮೂತ್ರಪಿಂಡಗಳು ತೀವ್ರವಾಗಿ ದುರ್ಬಲಗೊಂಡವರಲ್ಲಿ ಕೆಲವು ಹಳೆಯ ಬಗೆಯ ಗ್ಯಾಡೊಲಿನಿಯಮ್ ಔಷಧಗಳು ಚರ್ಮ ಮತ್ತು ಒಳಾಂಗಗಳು ಗಟ್ಟಿಯಾಗುವ ವಿರಳ ರೋಗಕ್ಕೆ ಕಾರಣವಾಗಿದ್ದವು. ಗರ್ಭಿಣಿಯರಿಗೆ ಅನಿವಾರ್ಯವಾದ ಹೊರತು ಗ್ಯಾಡೊಲಿನಿಯಮ್ ನೀಡುವುದಿಲ್ಲ.

ಚಿಕಿತ್ಸೆ ಮತ್ತು ನಿಗಾದಲ್ಲಿ ಎಂಆರ್‌ಐ

ಬೇರಾವುದೋ ಕಾರಣಕ್ಕೆ ತೆಗೆದ ಚಿತ್ರದಲ್ಲಿ ಆಕಸ್ಮಿಕವಾಗಿ ಕಂಡ, ಯಾವ ತೊಂದರೆಯನ್ನೂ ಕೊಡದ ಚಿಕ್ಕ ಗಡ್ಡೆಗಳಿಗೆ ಹಲವು ಬಾರಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಯುರೋಪಿನ ನರ-ಕ್ಯಾನ್ಸರ್ ತಜ್ಞರ ಸಂಘದ 2021ರ ಮಾರ್ಗಸೂಚಿಯಂತೆ ಇಂತಹ ಗಡ್ಡೆಗಳಿಗೆ 6 ತಿಂಗಳ ಬಳಿಕ ಮತ್ತೆ ಎಂಆರ್‌ಐ ಮಾಡಿ, ಅನಂತರ 5 ವರ್ಷಗಳವರೆಗೆ ವರ್ಷಕ್ಕೊಮ್ಮೆ ನೋಡಲಾಗುತ್ತದೆ. ಬೆಳವಣಿಗೆ ನಿಧಾನವಾಗಿರುವುದರಿಂದ ಹೊಸ ಚಿತ್ರವನ್ನು ತೀರ ಹಿಂದಿನದರೊಂದಿಗೆ ಮಾತ್ರವಲ್ಲದೆ ಲಭ್ಯವಿರುವ ಅತ್ಯಂತ ಹಳೆಯ ಚಿತ್ರದೊಂದಿಗೂ ಹೋಲಿಸಬೇಕಾಗುತ್ತದೆ. ರೋಗಿಯ ಬಳಿ ಹಳೆಯ ಫಿಲ್ಮು ಮತ್ತು ಸಿ.ಡಿ.ಗಳು ಉಳಿದಿರುವುದು ಈ ಕಾರಣಕ್ಕೆ ಮಹತ್ವದ್ದು.

ತೊಂದರೆ ಕೊಡುವ ಅಥವಾ ಬೆಳೆಯುತ್ತಿರುವ ಗಡ್ಡೆಗೆ ಶಸ್ತ್ರಚಿಕಿತ್ಸೆಯೇ ಮುಖ್ಯ ಚಿಕಿತ್ಸೆ. ಎಷ್ಟರ ಮಟ್ಟಿಗೆ ಗಡ್ಡೆ ತೆಗೆಯಲಾಯಿತು ಎಂಬುದನ್ನು ಡೊನಾಲ್ಡ್ ಸಿಂಪ್ಸನ್ 1957ರಲ್ಲಿ ಐದು ಮಟ್ಟಗಳಾಗಿ ವಿಂಗಡಿಸಿದರು. ಗಡ್ಡೆಯ ಜೊತೆಗೆ ಅದು ಅಂಟಿದ ಪೊರೆ ಮತ್ತು ಬಾಧಿತ ಮೂಳೆಯನ್ನೂ ತೆಗೆದ ಮೊದಲ ಮಟ್ಟದಲ್ಲಿ ಮರುಕಳಿಕೆ 9 ಶೇಕಡಾ, ಪೊರೆಯ ಅಂಟನ್ನು ಸುಟ್ಟು ಬಿಟ್ಟ ಎರಡನೆಯ ಮಟ್ಟದಲ್ಲಿ 19 ಶೇಕಡಾ ಎಂದು ಅವರ ಅಧ್ಯಯನ ತೋರಿಸಿತು. ಚಿಕ್ಕದಾದ, ಆಳದಲ್ಲಿರುವ ಅಥವಾ ಶಸ್ತ್ರಚಿಕಿತ್ಸೆಯ ಬಳಿಕ ಉಳಿದ ಗಡ್ಡೆಗಳಿಗೆ ಗಾಮಾ ನೈಫ್‌ನಂತಹ ಕೇಂದ್ರೀಕೃತ ವಿಕಿರಣ ಚಿಕಿತ್ಸೆ ನೀಡಲಾಗುತ್ತದೆ. ಅದರ ಗುರಿಯನ್ನು ಕಾಂಟ್ರಾಸ್ಟ್ ಸಹಿತ ಎಂಆರ್‌ಐ ಚಿತ್ರದ ಮೇಲೆಯೇ ಗುರುತಿಸಲಾಗುತ್ತದೆ.

ಶಸ್ತ್ರಚಿಕಿತ್ಸೆಯ ನಂತರದ ಮೊದಲ ಎಂಆರ್‌ಐಯನ್ನು 48 ಗಂಟೆಗಳೊಳಗೆ ಅಥವಾ ಸುಮಾರು 3 ತಿಂಗಳ ಬಳಿಕ ತೆಗೆಯುತ್ತಾರೆ. ನಡುವಿನ ಅವಧಿಯಲ್ಲಿ ಗಾಯ ಮಾಯುವ ಊತಕವೂ ಕಾಂಟ್ರಾಸ್ಟ್ ಹೀರಿ ಬೆಳಗುವುದರಿಂದ ಉಳಿದ ಗಡ್ಡೆಯೆಂಬ ತಪ್ಪು ಕಲ್ಪನೆ ಉಂಟಾಗಬಹುದು.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಮಿದುಳು ಗಡ್ಡೆಗಳ ಪ್ರಮುಖ ಚಿಕಿತ್ಸಾ ಹಾಗೂ ಸಂಶೋಧನಾ ಕೇಂದ್ರ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್. ರಾಜ್ಯ ಸರ್ಕಾರದ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು 1974ರ ಡಿಸೆಂಬರ್ 27ರಂದು ವಿಲೀನಗೊಂಡು ಇದು ರೂಪುಗೊಂಡಿತು. ನರಶಸ್ತ್ರಚಿಕಿತ್ಸಕ ಆರ್. ಮಾರ್ತಾಂಡ ವರ್ಮ ಇದರ ಸ್ಥಾಪಕ ನಿರ್ದೇಶಕರು. 2012ರ ಕಾಯಿದೆಯ ಮೂಲಕ ಸಂಸ್ಥೆಗೆ ರಾಷ್ಟ್ರೀಯ ಪ್ರಾಮುಖ್ಯದ ಸ್ಥಾನ ದೊರೆತಿದೆ. ನರಶಸ್ತ್ರಚಿಕಿತ್ಸೆ, ನರಚಿತ್ರಣ, ನರರೋಗನಿದಾನ ವಿಭಾಗಗಳು ಇಲ್ಲಿ ಒಂದೇ ಆವರಣದಲ್ಲಿರುವುದರಿಂದ ಎಂಆರ್‌ಐಯ ಅನುಮಾನವನ್ನು ಅಂಗಾಂಶ ಪರೀಕ್ಷೆಯ ಫಲಿತಾಂಶದೊಂದಿಗೆ ಹೋಲಿಸಲು ಅನುಕೂಲವಿದೆ. ಗಾಮಾ ನೈಫ್ ಸೌಲಭ್ಯವೂ ಇಲ್ಲಿದೆ.

ರಾಜಧಾನಿಯಿಂದ ದೂರದ ಪ್ರದೇಶಗಳಲ್ಲಿ ರೋಗನಿರ್ಣಯವು ಪ್ರಯಾಣವನ್ನೂ ಅವಲಂಬಿಸಿದೆ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲೂಕುಗಳಿಗೆ ಹತ್ತಿರದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ನೆರೆಯ ಜಿಲ್ಲೆಗಳಲ್ಲಿವೆ. ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾದ, ಬಹುಕಾಲ ವಿಮ್ಸ್ ಎಂದು ಹೆಸರಾಗಿದ್ದ ಸರ್ಕಾರಿ ವೈದ್ಯಕೀಯ ಕಾಲೇಜು, ಹುಬ್ಬಳ್ಳಿಯಲ್ಲಿ 1957ರಲ್ಲಿ ಆರಂಭವಾಗಿ ಕಿಮ್ಸ್ ಎಂದು ಪ್ರಸಿದ್ಧವಾದ ಸರ್ಕಾರಿ ಕಾಲೇಜು ಹಾಗೂ ದಾವಣಗೆರೆಯಲ್ಲಿ 1965ರಲ್ಲಿ ಸ್ಥಾಪನೆಯಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಇವುಗಳಲ್ಲಿ ಮುಖ್ಯವಾದವು. ಒಂದು ಊರಿನಲ್ಲಿ ಎಂಆರ್‌ಐ, ಇನ್ನೊಂದು ಊರಿನಲ್ಲಿ ಶಸ್ತ್ರಚಿಕಿತ್ಸೆ, ಅನಂತರದ ನಿಗಾ ಮತ್ತೊಂದು ಕಡೆ ನಡೆಯುವ ಇಂತಹ ಪ್ರದೇಶಗಳಲ್ಲಿ ಹಿಂದಿನ ಚಿತ್ರಗಳು ರೋಗಿಯೊಂದಿಗೆ ಸಾಗದಿದ್ದರೆ ಗಡ್ಡೆ ಬೆಳೆದಿದೆಯೇ ಎಂಬ ಮುಖ್ಯ ಪ್ರಶ್ನೆಗೆ ಉತ್ತರ ದೊರೆಯದು.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆ ಚಿಕಿತ್ಸೆಯ ವೆಚ್ಚ ಭರಿಸಲಾಗುತ್ತದೆ. ನರಶಸ್ತ್ರಚಿಕಿತ್ಸೆಯೂ ಇದರ ವ್ಯಾಪ್ತಿಯಲ್ಲಿದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವು ತಲೆನೋವು, ಅಪಸ್ಮಾರ, ಪಾರ್ಶ್ವವಾಯು ಮತ್ತು ಮರೆಗುಳಿತನಗಳ ಆರಂಭಿಕ ಗುರುತಿಸುವಿಕೆಗೆ ಪ್ರಾಥಮಿಕ ಮಟ್ಟದ ವೈದ್ಯರನ್ನು ಸಜ್ಜುಗೊಳಿಸುವ ಗುರಿ ಹೊಂದಿದೆ. ಮೆನಿಂಜಿಯೋಮಾ ಈ ಪಟ್ಟಿಯಲ್ಲಿ ಹೆಸರಿಸಲ್ಪಟ್ಟ ರೋಗವಲ್ಲ. ಆದರೆ ಇವುಗಳಲ್ಲಿ ಮೂರು, ಅಂದರೆ ತಲೆನೋವು, ವಯಸ್ಕರಲ್ಲಿ ಹೊಸದಾಗಿ ಕಾಣಿಸುವ ಅಪಸ್ಮಾರ ಮತ್ತು ಹೆಚ್ಚುತ್ತಿರುವ ಮರೆವು, ಮೆನಿಂಜಿಯೋಮಾದ ಮೊದಲ ಸೂಚನೆಗಳೂ ಆಗಿರಬಲ್ಲವು.